ಎರಡು ಶಾಕಿನ ಸೈಕಲ್ಲೋ, ಹಾರ್ಡ್‌ಟೇಲೋ?

ಮೊದಲ ಮೌಂಟನ್ ಬೈಕ್ ಕೊಳ್ಳಲು ಹೊರಟಾಗ ನನ್ನ ಕೈಯಲ್ಲಿದ್ದ ದುಡ್ಡಿಗೆ ಎರಡು ಸೈಕಲ್ ಸಿಗುವಂತಿದ್ದವು. ಒಂದಕ್ಕೆ ಹಿಂದೆ-ಮುಂದೆ ಎರಡೂ ಕಡೆ ಶಾಕ್ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್), 21 ಗೇರು. ಇನ್ನೊಂದು ಹಾರ್ಡ್‌ಟೇಲ್. ಅಂದರೆ ಮುಂದೆ ಮಾತ್ರ ಶಾಕ್, ಗೇರು ಬರೀ 9. ಎರಡನ್ನೂ ಒಂದೇ ಕಲ್ಲುದಾರಿಯಲ್ಲಿ ಓಡಿಸಿ ನೋಡಿದೆ.

ನೋಡೋಕೆ ಮೊದಲನೆಯದೇ ಚೆಂದ. ಏರು ಬಂದ ಕೂಡಲೇ ಅದರ ಬಣ್ಣ ಬಯಲಾಯಿತು. ತುಳಿದಾಗಲೆಲ್ಲ ಹಿಂದಿನ ಸ್ಪ್ರಿಂಗ್ ಕುಗ್ಗಿ ಏಳುತ್ತದೆ, ಕಾಲಿನ ಬಲ ಅಲ್ಲೇ ಸೋರಿಹೋಗುತ್ತದೆ. ಇಳಿಜಾರಿನಲ್ಲಾದರೂ ಸುಖ ಇರಬೇಕಲ್ವಾ? ಅದೂ ಇಲ್ಲ. ಸ್ಪ್ರಿಂಗಿನ ಜಿಗಿತವನ್ನು ಹಿಡಿದು ನಿಲ್ಲಿಸುವ ಎಣ್ಣೆಯ ಡ್ಯಾಂಪರ್ ಅದರಲ್ಲಿರಲಿಲ್ಲ. ಕಲ್ಲು ಹತ್ತಿ ಇಳಿದರೆ ಸೀಟು ನನ್ನನ್ನು ಮೇಲಕ್ಕೆ ಎಸೆಯುತ್ತಿತ್ತು.

21 ಗೇರು ಅಂದರೆ ಜಾಸ್ತಿ ಅನ್ನಿಸುತ್ತದೆ. ಆದರೆ ಮುಂದಿನ 3 ಹಲ್ಲಿನ ಚಕ್ರ, ಹಿಂದಿನ 7 ಹಲ್ಲಿನ ಚಕ್ರ ಗುಣಿಸಿದರೆ ಬರುವ ಲೆಕ್ಕ ಅದು. ಎಷ್ಟೋ ಗೇರುಗಳು ಹೆಚ್ಚುಕಡಿಮೆ ಒಂದೇ. ಅತಿ ಹಗುರ ಗೇರಿನಲ್ಲಿ ಮುಂದೆ 28 ಹಲ್ಲು, ಹಿಂದೆಯೂ 28. ಒಂದು ಸುತ್ತು ತುಳಿದರೆ ಚಕ್ರವೂ ಒಂದು ಸುತ್ತು. ಹಾರ್ಡ್‌ಟೇಲಿನಲ್ಲಿ ಮುಂದೆ 32, ಹಿಂದೆ 46. ಒಂದು ಸುತ್ತು ತುಳಿದರೆ ಚಕ್ರ ಮುಕ್ಕಾಲು ಸುತ್ತೂ ತಿರುಗುವುದಿಲ್ಲ, ತುಳಿತ ಅಷ್ಟು ಹಗುರ. ಮೊದಲನೆಯದನ್ನು ಇಳಿದು ತಳ್ಳಿದ ಏರನ್ನು ಇದರಲ್ಲಿ ಕೂತೇ ಹತ್ತಿದೆ.

ಬ್ರೇಕಿನ ವಿಷಯವಂತೂ ಕೇಳಲೇಬೇಡಿ. ಎರಡರಲ್ಲೂ ಡಿಸ್ಕ್ ಬ್ರೇಕೇ. ಆದರೆ ಮೊದಲನೆಯದರದ್ದು ಕೇಬಲ್, ಹಾರ್ಡ್‌ಟೇಲಿನದ್ದು ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ಹಿಡಿಯುವಂಥದ್ದು. ಕೇಬಲ್ಲಿನದ್ದನ್ನು ನಾಲ್ಕೂ ಬೆರಳಲ್ಲಿ ಅದುಮಿ ಹಿಡಿದು ಉದ್ದದ ಇಳಿಜಾರು ಇಳಿದೆ. ಕೆಳಗೆ ಬಂದಾಗ ಬೆರಳು ಬಿಡಿಸೋಕೆ ಆಗಲಿಲ್ಲ. ಹೈಡ್ರಾಲಿಕ್‌ಗೆ ತೋರುಬೆರಳೊಂದೇ ಸಾಕು. ಎಷ್ಟು ಒತ್ತಿದರೆ ಎಷ್ಟು ನಿಲ್ಲುತ್ತದೆ ಅನ್ನುವುದು ಕೈಗೆ ಗೊತ್ತಾಗುತ್ತದೆ. ಒಂದೇ ಒಂದಕ್ಕೆ ದುಡ್ಡು ಜಾಸ್ತಿ ಹಾಕುವುದಾದರೆ ನಾನು ಇದಕ್ಕೇ ಹಾಕುತ್ತೇನೆ.

ಶಾಕೇ ಇಲ್ಲದ ಸೈಕಲ್ಲನ್ನೂ ಒಂದು ದಿನ ಓಡಿಸಿದೆ. ಹಗುರ, ರಿಪೇರಿ ಕಡಿಮೆ. ಮಣ್ಣಿನ ದಾರಿಗೆ ಸಾಕು, ಕಲ್ಲಿಗೆ ಕೈ ನೋಯುತ್ತದೆ.

ಹಾರ್ಡ್‌ಟೇಲಿನಲ್ಲೂ ಕೊರತೆ ಇದೆ. ಮುಂದಿನ ಶಾಕಿನಲ್ಲಿರುವುದು ಉಕ್ಕಿನ ಸ್ಪ್ರಿಂಗ್. ನನ್ನ ತೂಕಕ್ಕೆ ಅದು ಗಟ್ಟಿ, ಸರಿಯಾಗಿ ಕುಗ್ಗುವುದೇ ಇಲ್ಲ. ಆದರೂ ಅದನ್ನೇ ತಗೊಂಡೆ. ಅದರ ಫ್ರೇಮಿನ ಕುತ್ತಿಗೆ, ಅಂದರೆ ಮುಂದಿನ ಶಾಕ್ ಕೂರುವ ಕೊಳವೆ, ಕೆಳಗಡೆ ಅಗಲವಾಗಿದೆ; ಹಾಗಾಗಿ ಮುಂದೆ ಗಾಳಿ ತುಂಬುವ ಒಳ್ಳೆಯ ಶಾಕ್ ಹಾಕಿಸಬಹುದು. ಸದ್ಯಕ್ಕೆ 2.25 ಇಂಚು ಅಗಲದ ಟೈರಿಗೆ ಗಾಳಿ ಸ್ವಲ್ಪ ಕಮ್ಮಿ ಮಾಡಿದ್ದೇನೆ. ಸಣ್ಣ ಕಲ್ಲಿನ ನಡುಕ ಈಗ ಮಣಿಕಟ್ಟಿನ ತನಕ ಬರುವುದಿಲ್ಲ.