ವರ್ಕ್ಸ್ ಕಮಿಟಿಯಾ, ಯೂನಿಯನ್ನಾ?

ಇನ್ನೂರು ಜನರ ಫ್ಯಾಕ್ಟರಿಗೆ ಯಾವುದು ಸರಿ ಅಂತ ಕೇಳಿದ್ದೀರಿ. ಮೂರು ದಾರಿಗಳಿವೆ: ವರ್ಕ್ಸ್ ಕಮಿಟಿ (ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಒಟ್ಟಿಗೆ ಕೂರುವ ಸಮಿತಿ), ನಿಮ್ಮದೇ ಯೂನಿಯನ್, ಇಲ್ಲವೇ ಎಐಟಿಯುಸಿ, ಸಿಐಟಿಯು, ಬಿಎಂಎಸ್‌ನಂಥ ದೇಶಮಟ್ಟದ ದೊಡ್ಡ ಕಾರ್ಮಿಕ ಸಂಘಟನೆಗೆ ಸೇರಿದ ಯೂನಿಯನ್.

ಖರ್ಚು ನೋಡಿದರೆ ಕಮಿಟಿಯೇ ಹಗುರ, ಚಂದಾ ಇಲ್ಲ. 100 ಕಾರ್ಮಿಕರಿದ್ದರೆ ಅದನ್ನು ರಚಿಸುವಂತೆ ಸರ್ಕಾರ ಮಾಲೀಕರಿಗೆ ಹೇಳಬಹುದು. ಕ್ಯಾಂಟೀನ್, ಫ್ಯಾನು, ಕುಡಿಯುವ ನೀರಿನಂಥ ತಕರಾರಿಗೆ ಇಷ್ಟು ಸಾಕು. ಸಂಬಳದ ಮಾತು ಬಂದರೆ ಮಾತ್ರ ಅದರ ಕೈ ಚಿಕ್ಕದು.

ಸಂಬಳ, ಬೋನಸ್, ಕೆಲಸದಿಂದ ತೆಗೆದದ್ದು ನಿಮ್ಮ ಚಿಂತೆಯಾದರೆ ನೋಂದಾಯಿತ ಯೂನಿಯನ್ ಬೇಕು. ಕಾರ್ಮಿಕರಲ್ಲಿ ಶೇ. 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. 7ಕ್ಕಿಂತ ಕಡಿಮೆಯಂತೂ ಆಗುವುದಿಲ್ಲ. ನಿಮಗೆ 20 ಜನ ಸಾಕು. ಆದರೆ ಸುಮ್ನೆ ನೋಂದಣಿಯಾದರೆ ಬಲ ಬರುವುದಿಲ್ಲ. ಒಂದಕ್ಕಿಂತ ಹೆಚ್ಚು ಯೂನಿಯನ್ ಇದ್ದರೆ, 2020ರ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ ಶೇ. 51 ಅಥವಾ ಹೆಚ್ಚು ಕಾರ್ಮಿಕರ ಬೆಂಬಲ ಒಂದಕ್ಕಿದ್ದರೆ ಅದೊಂದೇ ಮಾಲೀಕರ ಜೊತೆ ಮಾತುಕತೆಗೆ ಕೂರುತ್ತದೆ.

ಸ್ವಂತ ಯೂನಿಯನ್‌ನಲ್ಲಿ ತೀರ್ಮಾನ ನಿಮ್ಮದೇ, ಓಡಾಟವೂ ನಿಮ್ಮದೇ. ದೊಡ್ಡ ಸಂಘಟನೆಯಲ್ಲಿ ಕೇಸು ನಡೆಸಿ ಪಳಗಿದವರು ಸಿಗುತ್ತಾರೆ, ಜೊತೆಗೆ ರಾಜಕೀಯದ ಬಣ್ಣವೂ ಅಂಟುತ್ತದೆ. ಕಾನೂನು ಬಲ್ಲವರು ನಿಮ್ಮಲ್ಲೇ ಇದ್ದರೆ ಸ್ವಂತ ಯೂನಿಯನ್. ಆಗಲೇ ಯಾರನ್ನಾದರೂ ಸಸ್ಪೆಂಡ್ ಮಾಡಿದ್ದರೆ, ನನ್ನ ಪ್ರಕಾರ, ದೊಡ್ಡ ಸಂಘಟನೆಗೆ ಸೇರಿದ್ದು.