ಎಲ್ಕ್ ಬೇಟೆಗೆ ಹೊರಟವರೇ, ಅವರು ಕೊಡುವ ಗುಂಡು ಎಂಥದ್ದು ಅಂತ ಮೊದಲು ಕೇಳಿ

ಈ ಅಕ್ಟೋಬರಿನಲ್ಲಿ ಅಮೆರಿಕದ ಕೊಲರಾಡೋಗೆ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಗೆ ಹೋಗುವ ಯೋಚನೆ ಇರುವವರು ಕ್ಯಾಂಪಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. ಕುದುರೆ, ಟೆಂಟು, ಅಡುಗೆ, ಗೈಡು ಎಲ್ಲ ಒದಗಿಸುವ ಔಟ್‌ಫಿಟರ್‌ಗಳು ಅಲ್ಲಿ ಬೇಕಾದಷ್ಟು ಇದ್ದಾರೆ. ರೈಫಲ್ ಇಲ್ಲದವರಿಗೆ ಬಾಡಿಗೆಗೂ ಕೊಡುತ್ತಾರೆ. ಅದರ ಜೊತೆಗೆ ತೋಟಾನೂ ಅವರದೇ. ತೊಂದರೆ ಇರುವುದು ಆ ತೋಟಾದಲ್ಲಿ. ಕಳೆದ ಸೀಸನ್ನಿನಲ್ಲಿ ನಮಗೆ ಕೊಟ್ಟ ಗುಂಡಿನಿಂದ ಒಂದು ಹೆಣ್ಣು ಎಲ್ಕ್ ರಾತ್ರಿಯಿಡೀ ನರಳಿತು. ಅದು ಆಗಬೇಕಾಗಿರಲಿಲ್ಲ. ಇನ್ನೊಂದು ಪ್ರಾಣಿಗೆ ಹಾಗಾಗಬಾರದು ಅಂತಲೇ ಬರೆಯುತ್ತಿದ್ದೇನೆ.

ನಾನಿರುವುದು ಡಲ್ಲಾಸಿನಲ್ಲಿ. ಜೊತೆಗೆ ಬಂದವನು ಸಕಲೇಶಪುರ ಕಡೆಯ ಗೆಳೆಯ. ಅವರ ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಊರಲ್ಲಿ ಬೇಟೆಯ ಮಾತೇ ಇಲ್ಲ, ಹಾಗಾಗಿ ಶಿಕಾರಿ ಅಂದರೆ ಅವನಿಗೆ ಅಜ್ಜನಿಂದ ಕೇಳಿದ ಕಥೆ ಮಾತ್ರ. ಕೊಲರಾಡೋದಲ್ಲಿ ಲೈಸೆನ್ಸ್ ತೆಗೆದುಕೊಂಡು ಕಾನೂನುಬದ್ಧವಾಗಿ ಹೋಗಬಹುದು ಅಂತ ಗೊತ್ತಾದ ಮೇಲೆ ಇಬ್ಬರೂ ಹಂಟರ್ ಎಜುಕೇಶನ್ ಮುಗಿಸಿ, ಅರ್ಜಿ ಹಾಕಿ, ಮೀಕರ್ ಊರಿನ ಮೇಲ್ಭಾಗದ ಫ್ಲ್ಯಾಟ್ ಟಾಪ್ಸ್ ಕಾಡಿಗೆ ಹೋದೆವು. ಅಮೆರಿಕದಲ್ಲಿ ಅತಿ ಹೆಚ್ಚು ಎಲ್ಕ್ ಇರುವುದು ಕೊಲರಾಡೋದಲ್ಲೇ. ಅದರಲ್ಲೂ ಈ ವೈಟ್ ರಿವರ್ ಕಡೆಯ ಹಿಂಡು ತುಂಬ ದೊಡ್ಡದು.

ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ್ದೇ. ಗಂಡು ಮುನ್ನೂರು ಕಿಲೋ ದಾಟುತ್ತದೆ, ಹೆಣ್ಣು ಇನ್ನೂರರ ಮೇಲೆ. ಡಲ್ಲಾಸ್ ಸುತ್ತಮುತ್ತ ಜನ ಹೊಡೆಯುವ ವೈಟ್‌ಟೇಲ್ ಜಿಂಕೆ ಇದರ ಮುಂದೆ ತೀರಾ ಚಿಕ್ಕದು. ಎಲ್ಕ್‌ನ ಭುಜದಲ್ಲಿ ದಪ್ಪ ಚರ್ಮ, ಅದರ ಕೆಳಗೆ ದಪ್ಪ ಮಾಂಸ, ಅದರ ಕೆಳಗೆ ಗಟ್ಟಿ ಮೂಳೆ. ಗುಂಡು ಇಷ್ಟನ್ನೂ ದಾಟಿ ಶ್ವಾಸಕೋಶ ಮುಟ್ಟಬೇಕು. ಜಿಂಕೆಗೆ ಅಂತ ಮಾಡಿದ ಗುಂಡಿಗೆ ಈ ಕೆಲಸ ಯಾರೂ ಹೇಳಿರುವುದಿಲ್ಲ.

ನಮಗೆ ಕೊಟ್ಟಿದ್ದು .300 ವಿಂಚೆಸ್ಟರ್ ಮ್ಯಾಗ್ನಮ್, ಅಂದರೆ ಹೆಚ್ಚು ಮದ್ದು ತುಂಬಿದ ವೇಗದ ತೋಟಾ ಹೊಡೆಯುವ ರೈಫಲ್. ಒಳ್ಳೆಯ ರೈಫಲ್, ಒಳ್ಳೆಯ ಸ್ಕೋಪು. ನೂರು ಗಜಕ್ಕೆ ಗುರಿ ಹಲಗೆ ಇಟ್ಟು ಹೊಡೆಸಿದರು. ಈಡುಗಳೆಲ್ಲ ಒಂದೇ ಕಡೆ ಕೂತವು. ತೋಟಾಗಳು ಡಬ್ಬಿಯಲ್ಲಿರಲಿಲ್ಲ, ಬಿಡಿಯಾಗಿ ಒಂದು ಚೀಲದಲ್ಲಿದ್ದವು. "ಇದು ಎಲ್ಕ್‌ಗೆ ಆಗುವ ಗುಂಡೇ ಅಲ್ವಾ?" ಅಂತ ಕೇಳಿದೆ. "ಇದು ಮ್ಯಾಗ್ನಮ್. ಏನನ್ನು ಬೇಕಾದರೂ ಕೆಡವುತ್ತೆ. ಇಷ್ಟು ಚೆನ್ನಾಗಿ ಗುರಿ ಹಿಡಿಯುತ್ತಲ್ಲ, ಇನ್ನೇನು ಬೇಕು?" ಅಂದ ಗೈಡ್. ಕ್ಯಾಂಪಿನ ಯಜಮಾನನೂ ಹೌದು ಹೌದು ಅಂದ.

ಒಂದು ಸಂಜೆ ಆಸ್ಪೆನ್ ಮರಗಳ ಸಂದಿನಿಂದ ಹೆಣ್ಣು ಎಲ್ಕ್ ಹೊರಬಂತು. ಎಪ್ಪತ್ತು ಗಜವೂ ಇರಲಿಕ್ಕಿಲ್ಲ. ಕೊಂಚ ನಮ್ಮ ಕಡೆಗೇ ತಿರುಗಿ ನಿಂತಿತ್ತು. ಗೈಡ್ ಭುಜದ ಮೂಲೆಗೆ ಇಡು ಅಂದ. ಅಲ್ಲಿಗೇ ಇಟ್ಟೆ, ಅಲ್ಲಿಗೇ ಬಿತ್ತು. ಎಲ್ಕ್ ಮುಗ್ಗರಿಸಿತು, ಎದ್ದಿತು, ಮೂರು ಕಾಲಲ್ಲಿ ಓಡಿ ಸ್ಪ್ರೂಸ್ ಮರಗಳ ಕತ್ತಲೆಯೊಳಗೆ ಹೋಯಿತು.

ನೆಲದಲ್ಲಿ ಸಿಕ್ಕಿದ್ದು ಒಂದು ಹಿಡಿ ಕೂದಲು, ಮೂಳೆಯ ಚಿಕ್ಕ ಚೂರುಗಳು, ಕಡುಗೆಂಪು ರಕ್ತ. ಶ್ವಾಸಕೋಶಕ್ಕೆ ಬಿದ್ದಿದ್ದರೆ ರಕ್ತದಲ್ಲಿ ಗುಲಾಬಿ ಬಣ್ಣದ ನೊರೆ ಇರುತ್ತದೆ. ಇಲ್ಲಿ ನೊರೆಯೇ ಇಲ್ಲ. ಸ್ವಲ್ಪ ಹೊತ್ತು ಕಾದು ಟಾರ್ಚ್ ಹಿಡಿದು ಹುಡುಕಿದೆವು. ಹನಿಗಳು ದೂರ ದೂರವಾದವು, ಆಮೇಲೆ ನಿಂತೇಹೋದವು. ಬೆಳಗಾದ ಮೇಲೆ ಮತ್ತೆ ಹೋಗಿ ಹುಡುಕಿದಾಗ ಬಿದ್ದ ಮರಗಳ ನಡುವೆ ಮಲಗಿತ್ತು. ಜೀವ ಇತ್ತು. ನಮ್ಮನ್ನು ನೋಡಿ ತಲೆ ಎತ್ತಿತು, ಏಳಲು ನೋಡಿತು, ಆಗಲಿಲ್ಲ. ಗೆಳೆಯ ಇನ್ನೊಂದು ಈಡು ಹೊಡೆದು ಮುಗಿಸಿದ. ಆಮೇಲೆ ತುಂಬ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಚರ್ಮ ಸುಲಿದಾಗ ಎಲ್ಲ ಗೊತ್ತಾಯಿತು. ಭುಜದಲ್ಲಿ ಅಂಗೈ ಅಗಲದ ಗುಂಡಿ. ಸುತ್ತ ಮಾಂಸವೆಲ್ಲ ಹೆಪ್ಪುಗಟ್ಟಿದ ರಕ್ತದಿಂದ ಕಪ್ಪಾಗಿ ಲೋಳೆಯಾಗಿತ್ತು. ಮೂಳೆ ಒಡೆದಿತ್ತು. ಆ ಮೂಳೆಯ ಮೇಲೆಯೇ ಗುಂಡಿನ ತಾಮ್ರದ ಹೊದಿಕೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಅಂಟಿಕೊಂಡಿತ್ತು, ಒಳಗಿನ ಸೀಸ ಬೂದು ಬಣ್ಣದ ಪುಡಿಯಾಗಿ ಮಾಂಸದಲ್ಲಿ ಹರಡಿತ್ತು. ಪಕ್ಕೆಲುಬಿನ ಮೇಲೆ ಗೀರುಗಳು, ಅಷ್ಟೇ. ಶ್ವಾಸಕೋಶಕ್ಕೆ ಒಂದು ಚೂರೂ ತಲುಪಿರಲಿಲ್ಲ. ಆ ಭುಜದ ಮಾಂಸ ಪೂರ್ತಿ ಹಾಳು.

ಲಾರಿಯಲ್ಲಿದ್ದ ತೋಟಾ ಡಬ್ಬಿಯನ್ನು ಆಮೇಲೆ ಕೇಳಿ ನೋಡಿದೆ. 150 ಗ್ರೇನ್ (ಗುಂಡಿನ ತೂಕದ ಅಳತೆ, ಇದು ಹತ್ತು ಗ್ರಾಂ ಹತ್ತಿರ), ತೆಳು ಹೊದಿಕೆಯ ಗುಂಡು, ಡಬ್ಬಿಯ ಮೇಲೆ ಜಿಂಕೆಯ ಚಿತ್ರ. ಕಡಿಮೆ ಬೆಲೆಯದು. ಯಜಮಾನ ಮಾತ್ರ "ನಿನ್ನ ಈಡೇ ಸರಿಯಿರಲಿಲ್ಲ" ಅಂತ ಸಾಧಿಸಿದ. ತೂತು ಎಲ್ಲಿದೆ ಅಂತ ಅವನ ಗೈಡೇ ನೋಡಿದ್ದ.

ಇಲ್ಲಿ ಆಗಿದ್ದು ಇಷ್ಟು. ಮಾಮೂಲಿ ಬೇಟೆ ಗುಂಡಿನ ಒಳಗೆ ಸೀಸ, ಹೊರಗೆ ತಾಮ್ರದ ಹೊದಿಕೆ. ಬಡಿದಾಗ ಮೂತಿ ಅರಳಿ ಅಗಲವಾಗಬೇಕು, ಆದರೆ ಹಿಂಭಾಗ ಒಡೆಯದೆ ಒಳಗೆ ನುಗ್ಗುತ್ತಲೇ ಇರಬೇಕು. .300 ಮ್ಯಾಗ್ನಮ್‌ನಿಂದ 150 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 3200 ಅಡಿ ವೇಗದಲ್ಲಿ ಹೊರಡುತ್ತದೆ. ಎಪ್ಪತ್ತು ಗಜದಲ್ಲಿ ಆ ವೇಗ ಹೆಚ್ಚೇನೂ ಇಳಿದಿರುವುದಿಲ್ಲ. ಅಷ್ಟು ವೇಗದಲ್ಲಿ ದಪ್ಪ ಮೂಳೆಗೆ ಬಡಿದರೆ ತೆಳು ಹೊದಿಕೆ ತಡೆಯುವುದಿಲ್ಲ. ಅಂದರೆ ಮ್ಯಾಗ್ನಮ್ ನಮಗೆ ಸಹಾಯ ಮಾಡಲಿಲ್ಲ, ಕೆಡಿಸಿತು. ಅದೇ ತೂಕದ ಗುಂಡನ್ನು .308ರಂಥ ನಿಧಾನದ ರೈಫಲ್ಲಿನಿಂದ ಹೊಡೆದಿದ್ದರೆ ಇಷ್ಟು ಪುಡಿಯಾಗುವ ಸಾಧ್ಯತೆ ಕಡಿಮೆ. ಯಾವ ರೈಫಲ್ ದೊಡ್ಡದು ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಗುಂಡು ಹೇಗೆ ಕಟ್ಟಿದ್ದಾರೆ ಅನ್ನುವುದು ಅದಕ್ಕಿಂತ ಮುಖ್ಯ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಇದೇನು ಹೊಸ ಸಮಸ್ಯೆ ಅಲ್ಲ. ಜಾನ್ ನಾಸ್ಲರ್ ಅನ್ನುವವರು 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಬೇಟೆಗೆ ಹೋದಾಗ ಅವರಿಗೂ ಹೀಗೇ ಆಯಿತು. ವೇಗದ ಮ್ಯಾಗ್ನಮ್, ಹತ್ತಿರದ ಈಡು, ಒಳಗೆ ಹೋಗದೆ ಒಡೆದ ಗುಂಡು. ಅವರು ಮನೆಗೆ ಬಂದು ಪಾರ್ಟಿಶನ್ ಗುಂಡನ್ನು ತಯಾರಿಸಿದರು. ಅದರ ನಡುವೆ ತಾಮ್ರದ ಅಡ್ಡಗೋಡೆ ಇದೆ. ಮುಂದಿನ ಸೀಸ ಅರಳಿ ಚೂರಾದರೂ ಗೋಡೆಯ ಹಿಂದಿನದು ಹಾಗೇ ಉಳಿದು ಮುಂದೆ ಹೋಗುತ್ತದೆ. ಇಂದಿಗೂ ಎಲ್ಕ್ ಬೇಟೆಯವರು ಅದನ್ನು ನೆಚ್ಚಿಕೊಂಡಿದ್ದಾರೆ.

ಈಗ ಬೇರೆ ದಾರಿಗಳೂ ಇವೆ. ಬಾಂಡೆಡ್ ಗುಂಡಿನಲ್ಲಿ ಸೀಸವನ್ನು ಹೊದಿಕೆಗೇ ಬೆಸೆದಿರುತ್ತಾರೆ, ಸುಲಿಯುವುದು ಕಷ್ಟ. ಪೂರ್ತಿ ತಾಮ್ರದ ಗುಂಡುಗಳಲ್ಲಿ ಸೀಸವೇ ಇಲ್ಲ, ತೂಕ ಬಹುಪಾಲು ಹಾಗೇ ಉಳಿಯುತ್ತದೆ. ಸೀಸ ವಿಷ, ಹಾಗಾಗಿ ಮನೆಯಲ್ಲಿ ಮಕ್ಕಳೂ ಆ ಮಾಂಸ ತಿನ್ನುತ್ತಾರೆ ಅಂದರೆ ನಾನು ತಾಮ್ರವನ್ನೇ ಹೇಳುವುದು. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನೇ ನಿಲ್ಲಿಸಿದ್ದಾರೆ. ತಾಮ್ರಕ್ಕೆ ಒಂದು ಮಿತಿ ಇದೆ. ದೂರ ಹೋಗಿ ವೇಗ ತೀರಾ ಇಳಿದರೆ ಸರಿಯಾಗಿ ಅರಳುವುದಿಲ್ಲ. ಕನಿಷ್ಠ ಎಷ್ಟು ವೇಗ ಬೇಕು ಅಂತ ತಯಾರಕರು ಕೊಟ್ಟಿರುತ್ತಾರೆ, ಅದನ್ನು ನೋಡಿಕೊಂಡೇ ನಿಮ್ಮ ದೂರ ಗೊತ್ತುಮಾಡಿಕೊಳ್ಳಿ. .30-06 ಅಥವಾ .300ಕ್ಕೆ ಬಾಂಡೆಡ್ ಇಲ್ಲವೇ ಪಾರ್ಟಿಶನ್ 180 ಗ್ರೇನ್, ತಾಮ್ರವಾದರೆ 165 ಆಸುಪಾಸು. 7 ಎಂಎಂ ಮ್ಯಾಗ್ನಮ್‌ಗೆ 160. ಹೀಗೆ ಹೊರಟರೆ ಒಳ್ಳೆಯದು.

ಮ್ಯಾಚ್ (ಗುರಿ ಸ್ಪರ್ಧೆಯದು) ಅಂತ ಬರೆದ ಗುಂಡು ಕೊಟ್ಟರೆ ಬೇಡ ಅನ್ನಿ. ಅದರ ಮೂತಿಯಲ್ಲೂ ಪುಟ್ಟ ತೂತು ಇರುತ್ತದೆ, ನೋಡಿ ಇದು ಅರಳುವ ಗುಂಡು ಅಂದುಕೊಳ್ಳುತ್ತಾರೆ. ಆ ತೂತು ತಯಾರಿಕೆಯಲ್ಲಿ ಉಳಿದದ್ದು. ಪ್ರಾಣಿಯೊಳಗೆ ಅದು ಅರಳಬಹುದು, ಅರಳದೆ ಸೂಜಿಯಂತೆ ದಾಟಲೂಬಹುದು. ಕಾಗದಕ್ಕೆ ಹೊಡೆಯಲು ಮಾಡಿದ್ದು ಅದು.

ಕಾನೂನು ಕಾಪಾಡುತ್ತದೆ ಅಂದುಕೊಳ್ಳಬೇಡಿ. ಕೊಲರಾಡೋದಲ್ಲಿ ಎಲ್ಕ್‌ಗೆ ಅರಳುವ ಗುಂಡಾಗಿರಬೇಕು, ಕನಿಷ್ಠ 85 ಗ್ರೇನ್ ಇರಬೇಕು, ನೂರು ಗಜದಲ್ಲಿ 1000 ಫುಟ್-ಪೌಂಡ್ ಶಕ್ತಿ ಇರಬೇಕು. ನಮಗೆ ಕೊಟ್ಟ ಗುಂಡು ಇದೆಲ್ಲದರಲ್ಲೂ ಪಾಸು. ಇನ್ನೊಂದು ಮಾತು, ಎಚ್-1ಬಿಯಂಥ ವೀಸಾದಲ್ಲಿರುವವರಿಗೆ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ನಿಮಗೆ ಬಂದೂಕು, ತೋಟಾ ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಯಾವುದಾದರೂ ರಾಜ್ಯದ ಊರ್ಜಿತ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಲೈಸೆನ್ಸ್ ಕೈಗೆ ಬರುವ ಮೊದಲು ಕ್ಯಾಂಪಿನ ರೈಫಲ್ ಮುಟ್ಟಲೂ ಹೋಗಬೇಡಿ.

ಬುಕ್ ಮಾಡುವಾಗಲೇ ಈಮೇಲಿನಲ್ಲಿ ಕೇಳಿ: ಗುಂಡಿನ ಹೆಸರೇನು, ಎಷ್ಟು ಗ್ರೇನ್, ಬಾಂಡೆಡ್ಡೋ ತಾಮ್ರವೋ? ಡಬ್ಬಿಯ ಫೋಟೋ ಕಳಿಸಿ ಅನ್ನಿ. "ಎಲ್ಲ ಒಂದೇ" ಅನ್ನುವವರ ಕ್ಯಾಂಪ್ ಬಿಟ್ಟುಬಿಡಿ. ಅವರ ರೈಫಲ್ಲಿಗೆ ನಿಮ್ಮದೇ ತೋಟಾ ತರುತ್ತೀರಾದರೆ ಮೊದಲೇ ಒಪ್ಪಿಸಿಕೊಳ್ಳಿ. ವಿಮಾನದಲ್ಲಿ ಹೋಗುವವರು ಡಬ್ಬಿಯ ಸಮೇತ ಚೆಕ್-ಇನ್ ಬ್ಯಾಗಿನಲ್ಲೇ ಇಡಬೇಕು. ತಲುಪಿದ ಮೇಲೆ ಆ ತೋಟಾದಿಂದಲೇ ಮತ್ತೆ ಗುರಿ ಹಲಗೆಗೆ ಹೊಡೆದು ಸ್ಕೋಪ್ ಹೊಂದಿಸಿಕೊಳ್ಳಿ, ಯಾಕೆಂದರೆ ಗುಂಡು ಬದಲಾದರೆ ಬೀಳುವ ಜಾಗವೂ ಬದಲಾಗುತ್ತದೆ. ಅದಕ್ಕೇ ಸುಮ್ನೆ ಒಂದೇ ಡಬ್ಬಿ ಒಯ್ಯಬೇಡಿ, ಎರಡು ಒಯ್ಯಿರಿ.