ವೆಲ್ಡಿಂಗ್ ಜನರೇಟರ್‌ನ ಸಾಕೆಟ್‌ಗೆ ಏನಾದರೂ ಚುಚ್ಚುವ ಮುಂಚೆ ಇದನ್ನು ಓದಿ

ಹೋದ ಬೇಸಿಗೆಯಲ್ಲಿ ಮುಳಗುಂದದ ಹತ್ತಿರ ಒಂದು ಹೊಲದಲ್ಲಿ ಉಳ್ಳಾಗಡ್ಡಿ ಇಡೋ ಶೆಡ್ಡಿನ ಕೆಲಸ ಹಿಡಿದಿದ್ದೆ. ಮೂರು ದಿನದಲ್ಲಿ ರೈತರ ಪಂಪು ಸುಟ್ಟೆ, ಅವರ ಮನೆಯ ಇನ್ವರ್ಟರ್ ಸುಟ್ಟೆ, ನನ್ನದೇ ಡ್ರಿಲ್ಲಿನ ಚಾರ್ಜರ್ ಸುಟ್ಟೆ. ನಾಲ್ಕನೇ ದಿನ ಕಟಾಫ್ ಮಷೀನಿನ (ಕಬ್ಬಿಣ ಕತ್ತರಿಸೋ ಮಷೀನ್) ವೈರು ನನ್ನ ಕಣ್ಣೆದುರೇ ಹೊಗೆಯಾಡಿತು. ಗದಗ-ಬೆಟಗೇರಿಯಲ್ಲಿ ಹನ್ನೆರಡು ವರ್ಷದಿಂದ ಫ್ಯಾಬ್ರಿಕೇಶನ್ ಮಾಡ್ತಿರೋ ಮನುಷ್ಯ ನಾನು. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ, ಆದರೂ ಹೇಳುತ್ತೇನೆ. ಯಾಕಂದರೆ ಇದೇ ತಪ್ಪನ್ನು ನಮ್ಮ ಕಡೆ ಸೈಟ್ ಸೈಟಿನಲ್ಲೂ ನೋಡುತ್ತಿದ್ದೇನೆ.

ಆ ಹೊಲದಲ್ಲಿ ಕರೆಂಟ್ ಇತ್ತು, ಆದರೆ ನಮ್ಮ ಕೆಲಸದ ಹೊತ್ತಿಗೆ ಇರುತ್ತಿರಲಿಲ್ಲ. ಅದಕ್ಕೆ ಹುಬ್ಬಳ್ಳಿಯಿಂದ ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ವೆಲ್ಡಿಂಗ್ ಜನರೇಟರ್ ತಂದಿದ್ದೆ. ಹತ್ತು ಎಚ್‌ಪಿ ಎಂಜಿನ್, 200 ಆಂಪಿಯರ್ ವೆಲ್ಡಿಂಗ್, ಮುಂದೆ ಎರಡು ಸಾಕೆಟ್, ಪಕ್ಕದಲ್ಲಿ 230 ವೋಲ್ಟ್, 3 ಕೆವಿಎ (ಹೆಚ್ಚುಕಡಿಮೆ 3000 ವಾಟಿನ ಸಾಮರ್ಥ್ಯ) ಅಂತ ಬರೆದಿತ್ತು. ಕೊಟ್ಟವನು ‘ಇದ್ರಾಗ ವೆಲ್ಡಿಂಗೂ ಆಗ್ತೈತಿ, ಮನಿಗೆ ಲೈಟೂ ಆಗ್ತೈತಿ’ ಅಂದಿದ್ದ. ಪುಸ್ತಕ ಇರಲಿಲ್ಲ. ನಾನೂ ಕೇಳಲಿಲ್ಲ.

ಮೊದಲ ದಿನ ಏನೂ ಆಗಲಿಲ್ಲ. ಗ್ರೈಂಡರ್ ಹಾಕಿದೆವು, ಚೆನ್ನಾಗಿಯೇ ಓಡಿತು. ಮೋಸ ಹೋಗಿದ್ದೇ ಅಲ್ಲಿ. ಗ್ರೈಂಡರ್, ಹ್ಯಾಂಡ್ ಡ್ರಿಲ್ಲುಗಳಲ್ಲಿ ಇರೋದು ಕಾರ್ಬನ್ ಬ್ರಷ್ ಇರೋ ಮೋಟಾರು. ವೋಲ್ಟೇಜ್ ಸ್ವಲ್ಪ ಇಳಿದರೆ ನಿಧಾನ ಆಗುತ್ತದೆ, ಏರಿದರೆ ಕಿರುಚುತ್ತದೆ, ಅಷ್ಟೇ. ‘ಗ್ರೈಂಡರ್ ತಿರುಗ್ತು ಅಂದ್ರ ಕರೆಂಟ್ ಬರೋಬರಿ ಐತಿ’ ಅಂತ ನಮ್ಮ ಹುಡುಗರು ಈಗಲೂ ಹೇಳ್ತಾರೆ. ಅದು ಸುಳ್ಳು.

ಎರಡನೇ ದಿನ ಮಧ್ಯಾಹ್ನ ರೈತರು ಬಂದು, ನೆಲದ ಕಾಂಕ್ರೀಟಿಗೆ ನೀರು ಹೊಡೆಯಬೇಕು, ಅರ್ಧ ಎಚ್‌ಪಿ ಪಂಪು ನಿಮ್ಮ ಜನರೇಟರಿಗೇ ಹಚ್ಚಲಾ ಅಂದರು. ಹಚ್ಚಿ ಅಂದೆ. ಆಗ ನಮ್ಮ ಹುಡುಗ ಮೇಲೆ ತೆಳು ಪೈಪಿಗೆ ಎರಡೂವರೆ ಎಂಎಂ ವೆಲ್ಡಿಂಗ್ ರಾಡ್ ಹಿಡಿದಿದ್ದ. ಅದಕ್ಕಾಗಿ ಕರೆಂಟಿನ ನಾಬ್ ನಾಲ್ಕಕ್ಕೆ ಇಳಿಸಿದ್ದೆವು. ಪಂಪು ತಿರುಗಲಿಲ್ಲ, ‘ಗುಂಯ್’ ಅಂತ ಸದ್ದು ಮಾಡುತ್ತಾ ನಿಂತಿತು. ಕರೆಂಟ್ ಸಾಲುತ್ತಿಲ್ಲ ಅಂದುಕೊಂಡು ನಾನೇ ಹೋಗಿ ನಾಬ್ ಫುಲ್ ತಿರುಗಿಸಿದೆ. ಸಾಲದು ಅಂತ ಎಂಜಿನ್ನಿನ ರೇಸ್ ಸ್ಕ್ರೂ ಕೂಡ ಸ್ವಲ್ಪ ಏರಿಸಿದೆ. ಅಷ್ಟರಲ್ಲಿ ಪಂಪಿನಿಂದ ವಾರ್ನಿಷ್ ಸುಟ್ಟ ವಾಸನೆ ಬಂತು. ಅದೇ ಬೋರ್ಡಿಗೆ ರೈತರು ಸುಮ್ನೆ ಚಾರ್ಜ್ ಆಗಲಿ ಅಂತ ಇನ್ವರ್ಟರ್ ಹಚ್ಚಿದ್ದರು. ನನಗೆ ಗೊತ್ತಿರಲಿಲ್ಲ. ಒಳಗಿನಿಂದ ಪಟ್ ಅಂತ ಸದ್ದು. ನನ್ನ ಡ್ರಿಲ್ಲಿನ ಚಾರ್ಜರ್ ಯಾವಾಗ ಸತ್ತಿತೋ, ಸಂಜೆ ನೋಡಿದಾಗ ಗೊತ್ತಾಯಿತು.

ಪಂಪಿನ ರೀವೈಂಡಿಂಗ್‌ಗೆ 1,800 ರೂಪಾಯಿ, ಇನ್ವರ್ಟರ್ ಬೋರ್ಡಿಗೆ 3,200. ರೈತರು ಜಗಳ ಮಾಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು.

ಮಾರನೇ ದಿನ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದುಕೊಂಡು ಹೋದೆ. ಅವರ ಮೀಟರಿನಲ್ಲಿ ಹರ್ಟ್ಜ್ (ಕರೆಂಟ್ ಸೆಕೆಂಡಿಗೆ ಎಷ್ಟು ಆವರ್ತ ಮುಗಿಸುತ್ತದೆ ಅನ್ನೋ ಲೆಕ್ಕ) ಕೂಡ ತೋರಿಸುತ್ತದೆ. ಸಾಕೆಟ್ಟಿಗೆ ಹಚ್ಚಿ ಒಂದೊಂದೇ ನೋಡಿದೆವು. ಎಂಜಿನ್ 1500 ಆರ್‌ಪಿಎಂ, ನಾಬ್ ಫುಲ್: 238 ವೋಲ್ಟ್, 50 ಹರ್ಟ್ಜ್. ಸರಿ. ನಾಬ್ ನಾಲ್ಕಕ್ಕೆ ತಂದ ಕೂಡಲೇ 165 ವೋಲ್ಟ್! ನಾನು ಹಿಂದಿನ ದಿನ ಏರಿಸಿದ್ದಷ್ಟೇ ರೇಸ್ ಏರಿಸಿ, ನಾಬ್ ಫುಲ್ ಮಾಡಿದಾಗ 270 ವೋಲ್ಟ್, 57 ಹರ್ಟ್ಜ್. ಮೀಟರ್ ನೋಡ್ತಾ ನೋಡ್ತಾ ನನಗೆ ಬೆವರು ಬಂತು.

ಅವರು ಹೇಳಿದ್ದು ಹೀಗೆ. ಒಳ್ಳೆಯ ಡೀಸೆಲ್ ಜನರೇಟರ್ ಸೆಟ್ಟಿನಲ್ಲಿ ವೋಲ್ಟೇಜ್ ಒಂದೇ ಸಮ ಇಡೋಕೆ ಎವಿಆರ್ ಅಂತ ಒಂದು ಸಾಧನ ಇರುತ್ತದೆ. ನನ್ನಂಥ ಹಳೇ ವೆಲ್ಡಿಂಗ್ ಮಷೀನಿನಲ್ಲಿ ಅದಿಲ್ಲ. ವೆಲ್ಡಿಂಗ್ ಕರೆಂಟ್ ಇಳಿಸೋ ನಾಬ್ ಯಾವ ಫೀಲ್ಡ್ ಕಾಯಿಲ್ (ಒಳಗೆ ಅಯಸ್ಕಾಂತದ ಬಲ ಹುಟ್ಟಿಸೋ ಸುರುಳಿ) ಮೇಲೆ ಕೆಲಸ ಮಾಡುತ್ತದೋ, ಸಾಕೆಟ್ಟಿನ ವೋಲ್ಟೇಜೂ ಅದೇ ಕಾಯಿಲ್ಲಿನ ಮೇಲೆ ನಿಂತಿದೆ. ರಾಡಿಗೆ ಕಡಿಮೆ ಮಾಡಿದರೆ ಸಾಕೆಟ್ಟಿಗೂ ಕಡಿಮೆ. ವೋಲ್ಟೇಜ್ 165ಕ್ಕೆ ಬಂದರೆ ಪಂಪಿನ ಮೋಟಾರಿಗೆ ಎಬ್ಬಿಸಿ ತಿರುಗಿಸುವ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ತಿರುಗದ ಮೋಟಾರು ಐದಾರು ಪಟ್ಟು ಕರೆಂಟ್ ಎಳೆಯಲು ನೋಡುತ್ತದೆ, ಆ ಕರೆಂಟೆಲ್ಲ ಬಿಸಿಯಾಗುತ್ತದೆ. ಪಂಪು ಸತ್ತಿದ್ದು ವೋಲ್ಟೇಜ್ ಜಾಸ್ತಿಯಾಗಿ ಅಲ್ಲ, ಕಡಿಮೆಯಾಗಿ. ಇನ್ವರ್ಟರ್ ಸತ್ತಿದ್ದು ನಾನು ಆ ವೋಲ್ಟೇಜನ್ನು ‘ಸರಿ’ ಮಾಡಲು ಹೋಗಿದ್ದಕ್ಕೆ.

ಇನ್ನೊಂದು ವಿಷಯ ನನಗೆ ಅವತ್ತೇ ಗೊತ್ತಾಗಿದ್ದು. ಮಷೀನಿನಲ್ಲಿ ‘ಆಟೋ ಐಡಲ್’ ಅಂತ ಸ್ವಿಚ್ ಇದೆ. ವೆಲ್ಡಿಂಗ್ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಎಂಜಿನ್ ತಾನೇ ರೇಸ್ ಇಳಿಸುತ್ತದೆ, ಡೀಸೆಲ್ ಉಳಿಯಲಿ ಅಂತ. ಲೋಡ್ ಬಂದರೆ ಮತ್ತೆ ಏಳುತ್ತದೆ. ಆದರೆ ಚಾರ್ಜರ್, ಎಲ್‌ಇಡಿ ಬಲ್ಬಿನಂಥ ಚಿಕ್ಕ ಲೋಡು ಅದಕ್ಕೆ ಲೆಕ್ಕವೇ ಇಲ್ಲ. ನನ್ನದು ಸುಮಾರು ನೂರು ವಾಟಿನ ಮೇಲೆ ಬಂದರೆ ಮಾತ್ರ ಏಳುತ್ತದೆ. ಹುಡುಗರು ಊಟಕ್ಕೆ ಕೂತಾಗ ಎಂಜಿನ್ 1000 ಆರ್‌ಪಿಎಂಗೆ ಇಳಿದಿರುತ್ತದೆ, ಸಾಕೆಟ್ಟಿನಲ್ಲಿ 33 ಹರ್ಟ್ಜ್ ಇರುತ್ತದೆ, ಅದರ ಜೊತೆ ವೋಲ್ಟೇಜೂ ಇಳಿದಿರುತ್ತದೆ, ಹಚ್ಚಿದ ಚಾರ್ಜರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಸಾಕೆಟ್ ಬಳಸುವಾಗ ಆ ಸ್ವಿಚ್ ‘ಹೈ’ನಲ್ಲೇ ಇರಬೇಕು.

ಹಾಗಾದರೆ 3 ಕೆವಿಎ ಅಂತ ಬರೆದಿದ್ದು ಸುಳ್ಳಾ? ಸುಳ್ಳಲ್ಲ, ವೆಲ್ಡಿಂಗ್ ಮಾಡದೇ ಇದ್ದಾಗ ಮಾತ್ರ ನಿಜ. 150 ಆಂಪಿಯರಿನಲ್ಲಿ ರಾಡ್ ಉರಿಯುವಾಗ ಆರ್ಕಿನಲ್ಲಿ (ರಾಡಿನ ತುದಿಯಲ್ಲಿ ಉರಿಯೋ ಬೆಳಕು) ಸುಮಾರು 26 ವೋಲ್ಟ್ ಇರುತ್ತದೆ. ಗುಣಿಸಿದರೆ 3900 ವಾಟ್. ಎಂಜಿನ್ ಕೊಡೋದು ಹತ್ತು ಎಚ್‌ಪಿ, ಅಂದರೆ ಸುಮಾರು 7460 ವಾಟ್. ಇಂಥ ಹಳೇ ಮಷೀನು ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ರಾಡಿನ ತುದಿಗೆ ಮುಟ್ಟಿಸುತ್ತದೆ. ಉಳಿದದ್ದು ಬಿಸಿ, ಸದ್ದು. ಇನ್ನು ಸಾಕೆಟ್ಟಿಗೆ ಏನು ಮಿಕ್ಕಿತು? ಆ ಹೊತ್ತಿಗೆ 2000 ವಾಟಿನ ಕಟಾಫ್ ಮಷೀನ್ ಒತ್ತಿದರೆ ಎಂಜಿನ್ ಕೆಮ್ಮುತ್ತದೆ, ಆರ್ಕ್ ಮುರಿಯುತ್ತದೆ, ವೋಲ್ಟೇಜ್ ಕುಣಿಯುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ನಾಲ್ಕನೇ ದಿನದ ಘಟನೆ ಆಯಿತು. ಉಳಿದದ್ದೆಲ್ಲ ದುಡ್ಡು ಹೋದ ಮಾತು. ಇದು ಜೀವಕ್ಕೇ ಬರಬಹುದಿತ್ತು.

ಕಟಾಫ್ ಮಷೀನಿಗೆ ಕಬ್ಬಿಣದ ತಳ, ಮೂರು ಪಿನ್ನಿನ ಪ್ಲಗ್. ಅದು ಶೆಡ್ಡಿನ ಕಂಬಕ್ಕೆ ತಾಗಿ ನಿಂತಿತ್ತು. ಮೇಲೆ ಹುಡುಗ ವೆಲ್ಡಿಂಗ್ ಮಾಡುತ್ತಿದ್ದ. ಅರ್ಥಿಂಗ್ ಕ್ಲ್ಯಾಂಪನ್ನು (ವೆಲ್ಡಿಂಗ್ ಕರೆಂಟ್ ಮಷೀನಿಗೆ ವಾಪಸ್ ಹೋಗೋ ಕೇಬಲ್ಲಿನ ಹಿಡಿಕೆ) ಬಣ್ಣ ಹಚ್ಚಿದ ಚಾನಲ್ಲಿಗೆ ಸಿಕ್ಕಿಸಿದ್ದ, ಅದು ಅರ್ಧ ಕಳಚಿತ್ತು. ರಾಡಿನಿಂದ ಹೊರಟ ನೂರಿಪ್ಪತ್ತು ಆಂಪಿಯರಿಗೆ ವಾಪಸ್ ಹೋಗೋಕೆ ದಾರಿ ಬೇಕಲ್ವಾ? ಕಂಬ, ಕಂಬದಿಂದ ಕಟಾಫ್ ಮಷೀನಿನ ತಳ, ಅಲ್ಲಿಂದ ಅದರ ಹಸಿರು ಅರ್ಥ್ ವೈರು, ಅಲ್ಲಿಂದ ಜನರೇಟರ್‌ನ ಬಾಡಿ. ನನ್ನ ಮಷೀನಿನಲ್ಲಿ ಅರ್ಥಿಂಗ್ ಕೇಬಲ್ಲಿನ ಟರ್ಮಿನಲ್ ಬಾಡಿಗೇ ಕೂಡಿದೆ, ಹಾಗಾಗಿ ಸರ್ಕಿಟ್ ಪೂರ್ತಿಯಾಯಿತು. ಒಂದೂವರೆ ಸ್ಕ್ವೇರ್ ಎಂಎಂ ವೈರಿನಲ್ಲಿ ವೆಲ್ಡಿಂಗ್ ಕರೆಂಟ್! ಕಟಾಫ್ ಮಷೀನಿನ ಸ್ವಿಚ್ ಆಫ್ ಇತ್ತು. ಆದರೂ ವೈರು ಉದ್ದಕ್ಕೂ ಉಬ್ಬಿ ಹೊಗೆ ಬಿಟ್ಟಿತು. ಫ್ಯೂಸ್ ಹೋಗಲಿಲ್ಲ. ಫ್ಯೂಸ್ ಇರೋದು ಫೇಸಿನಲ್ಲಿ, ಅರ್ಥ್ ವೈರಿನಲ್ಲಿ ಅಲ್ಲ.

ಸಾಲದ್ದಕ್ಕೆ, ಒಳಗೆ ಹಸಿರು ವೈರು ಸುಟ್ಟು ಕಡಿದುಹೋದರೂ ಕಟಾಫ್ ಮಷೀನ್ ಮಾಮೂಲಿನಂತೆ ಓಡುತ್ತದೆ. ಮುಂದೆ ಯಾವತ್ತೋ ಅದರ ಬಾಡಿಗೆ ಕರೆಂಟ್ ಬಂದರೆ ಹಿಡಿದವನ ಕಥೆ ಮುಗಿಯಿತು. ನಾನು ಆ ಕೇಬಲ್ ಪೂರ್ತಿ ಬದಲಿಸಿದೆ. ಟೇಪ್ ಸುತ್ತಿದರೆ ಸಾಕು ಅಂದ ಹುಡುಗನಿಗೆ ಬೈದೆ.

ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಹಾಕಿದರೆ ಆಯಿತಲ್ಲ ಅಂತ ಕೇಳುತ್ತೀರಿ. ನಾನೂ ಕೇಳಿದೆ. ಎಲೆಕ್ಟ್ರಿಷಿಯನ್ ಹೇಳಿದ್ದು ಕೇಳಿ ಸುಸ್ತಾದೆ. ಕೆಲವು ಜನರೇಟರುಗಳಲ್ಲಿ ನ್ಯೂಟ್ರಲ್ ವೈರನ್ನು ಬಾಡಿಗೆ ಕೂಡಿಸಿರುವುದಿಲ್ಲ. ಅಂಥದ್ದಕ್ಕೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿ, ಟೆಸ್ಟ್ ಬಟನ್ ಒತ್ತಿದರೆ ಠಕ್ ಅಂತ ಬೀಳುತ್ತದೆ. ನಾವು ಖುಷಿಯಾಗಿ ಮನೆಗೆ ಹೋಗುತ್ತೇವೆ. ಆದರೆ ಬಾಡಿಗೆ ಕರೆಂಟ್ ಸೋರಿದಾಗ ಅದು ಬೀಳೋದೇ ಇಲ್ಲ, ಸೋರಿದ್ದಕ್ಕೆ ನ್ಯೂಟ್ರಲ್ಲಿಗೆ ವಾಪಸ್ ದಾರಿಯೇ ಇರುವುದಿಲ್ಲವಲ್ಲ. ಕೂಡಿದೆಯೋ ಇಲ್ಲವೋ ಅಂತ ತಿಳಿದವರ ಹತ್ತಿರ ನೋಡಿಸಿ, ಮನೆಯಲ್ಲಿ ನೀವೇ ತಂತಿ ಕಟ್ಟಬೇಡಿ. ನಮ್ಮ ಎರೆಹೊಲದಲ್ಲಿ ಅರ್ಥ್ ರಾಡಿನ ಕಥೆಯೂ ಅಷ್ಟಕ್ಕಷ್ಟೇ. ಬೇಸಿಗೆಯಲ್ಲಿ ಮಣ್ಣು ಬಿರಿದು ರಾಡ್ ಅಲ್ಲಾಡುತ್ತಿರುತ್ತದೆ.

ಗುಜರಿಯಿಂದ ಹಳೇ ಮಷೀನ್ ತರೋರಿಗೆ ಇನ್ನೊಂದು ಮಾತು. ಕೆಲವು ಹಳೇ ಮಾಡೆಲ್ಲುಗಳ ಸಾಕೆಟ್ಟಿನಲ್ಲಿ ಬರೋದು ಡಿಸಿ, ಅಂದರೆ ಬ್ಯಾಟರಿಯ ಥರ ಒಂದೇ ದಿಕ್ಕಿನ ಕರೆಂಟ್. ಬ್ರಷ್ ಇರೋ ಗ್ರೈಂಡರ್ ಅದರಲ್ಲೂ ತಿರುಗುತ್ತದೆ. ಪಂಪು, ಫ್ಯಾನು, ಟ್ರಾನ್ಸ್‌ಫಾರ್ಮರ್ ಇರೋ ಯಾವುದನ್ನೇ ಹಚ್ಚಿದರೂ ಬೂದಿ.

ಮೂರನೇ ದಿನ ಸಂಜೆ ರೈತರ ಮಗ ಎರಡೂ ತುದಿಗೆ ಪ್ಲಗ್ ಇರೋ ವೈರ್ ತಂದು, ‘ಇದನ್ನ ಮನಿ ಬೋರ್ಡಿಗೆ ಹಚ್ಚಿಬಿಟ್ರ ಇಡೀ ಮನಿಗೆ ಲೈಟ್ ಬರ್ತದ ಅಲ್ರೀ?’ ಅಂದ. ಅದೊಂದನ್ನು ಮಾತ್ರ ನಾನು ಮಾಡಲಿಲ್ಲ. ಚೇಂಜ್ ಓವರ್ ಸ್ವಿಚ್ (ಹೊರಗಿನ ಲೈನ್ ಇಲ್ಲವೇ ಜನರೇಟರ್, ಒಮ್ಮೆಗೆ ಒಂದನ್ನೇ ಕೂಡಿಸೋ ಸ್ವಿಚ್) ಇಲ್ಲದೆ ಹಾಗೆ ಹಚ್ಚಿದರೆ ನಮ್ಮ 230 ವೋಲ್ಟ್ ಹೊರಗಿನ ಲೈನಿಗೆ ಹೋಗುತ್ತದೆ. ಟಿಸಿಯಲ್ಲಿ (ಕಂಬದ ಟ್ರಾನ್ಸ್‌ಫಾರ್ಮರ್) ಉಲ್ಟಾ ಹತ್ತಿ 11 ಸಾವಿರ ವೋಲ್ಟಿನ ತಂತಿಯಲ್ಲೂ ಕರೆಂಟ್ ಬರುತ್ತದೆ. ಲೈನ್ ಬಂದ್ ಆಗಿದೆ ಅಂತ ಲೈನ್‌ಮನ್ ಕಂಬದ ಮೇಲೆ ಕೈ ಹಾಕಿರುತ್ತಾನೆ. ಆ ವೈರಿನ ಒಂದು ಪ್ಲಗ್ಗನ್ನು ಅಲ್ಲೇ ಕತ್ತರಿಸಿ ಹುಡುಗನ ಕೈಗೆ ಕೊಟ್ಟೆ. ಅವನಿಗೆ ಸಿಟ್ಟು ಬಂತು.

ಈಗ ನನ್ನ ಮಷೀನಿನಲ್ಲಿ ಒಂದು ಸಾಕೆಟ್ ಬಂದ್ ಮಾಡಿಸಿದ್ದೇನೆ. ಇನ್ನೊಂದರ ಮೇಲೆ 300 ರೂಪಾಯಿಯ ಡಿಜಿಟಲ್ ವೋಲ್ಟ್ ಮೀಟರ್ ಕೂರಿಸಿದೆ. 220ರಿಂದ 240ರ ಒಳಗೆ ಇಲ್ಲದಿದ್ದರೆ ಯಾರೂ ಏನೂ ಚುಚ್ಚುವ ಹಾಗಿಲ್ಲ. ಗ್ರೈಂಡಿಂಗ್ ಬೇಕಾದರೆ ವೆಲ್ಡಿಂಗ್ ನಿಲ್ಲಿಸಿ, ನಾಬ್ ಫುಲ್ ಮಾಡಿ, ಆಮೇಲೆ. ಅರ್ಥಿಂಗ್ ಕ್ಲ್ಯಾಂಪಿಗೆ ಬಣ್ಣ ಕೆರೆದು, ವೆಲ್ಡಿಂಗ್ ಜಾಗದ ಹತ್ತಿರವೇ ಹಾಕಬೇಕು. ಕಟಾಫ್ ಮಷೀನ್ ಈಗ ಕಂಬದಿಂದ ದೂರ, ಮರದ ಹಲಗೆಯ ಮೇಲೆ ಕೂರುತ್ತದೆ.

ಮಷೀನ್ ಕೊಟ್ಟವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ‘ಅದು ವೆಲ್ಡಿಂಗ್ ಮಷೀನ್ ರೀ, ಅದಕ್ಯಾಕ ಪಂಪು ಹಚ್ಚಾಕ ಹೋದ್ರಿ?’ ಅಂದ.